ಮೊದಲು ಡಾಂಬರೋ, ಕಾಲುವೆಯೋ?

ಹತ್ತು ಕಡೆ ದುರಸ್ತಿ ಬೇಕಾಗಿದ್ದು, ಎರಡಕ್ಕೆ ಮಾತ್ರ ಸಾಲುವಷ್ಟು ಹಣವಿದ್ದರೆ ನಗರವು ಮೊದಲು ಯಾವುದಕ್ಕೆ ಕೈಹಾಕಬೇಕು? ಬೆಂಗಳೂರಿಗೆ ಈ ಪ್ರಶ್ನೆ ಹೊಸದಲ್ಲ.

ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದವರೆಗೆ ಧರ್ಮಾಂಬುಧಿ, ಸಂಪಂಗಿ ಮುಂತಾದ ಕೆರೆಗಳನ್ನೇ ನೆಚ್ಚಿದ್ದ ಊರಿಗೆ ಅರ್ಕಾವತಿಯ ಹೆಸರಘಟ್ಟದಿಂದ ಕೊಳವೆಯ ಮೂಲಕ ನೀರು ತರುವ ಯೋಜನೆ 1894ರಲ್ಲಿ ರೂಪುಗೊಂಡಿತು. ಕುಡಿಯುವ ನೀರಿಗೆ ಅಗ್ರಸ್ಥಾನ ನೀಡಿದ್ದು ತಪ್ಪೆಂದು ಯಾರೂ ಹೇಳಲಾರರು. ಆದರೆ ಮನೆಗೆ ಬಂದ ನೀರು ಬಳಕೆಯಾದ ಬಳಿಕ ಎಲ್ಲಿಗೆ ಹರಿಯಬೇಕೆಂಬುದು ಬಾಕಿ ಉಳಿಯಿತು. 1898ರಲ್ಲಿ ಪ್ಲೇಗ್ ಬಂದಾಗ ಪೇಟೆಯ ಇಕ್ಕಟ್ಟಿನ ಓಣಿಗಳು ತತ್ತರಿಸಿದವು. ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಮೈದಳೆದದ್ದು ಆ ದಿನಗಳಲ್ಲಿಯೇ. ಹಳೆಯದನ್ನು ಸರಿಪಡಿಸುವುದಕ್ಕಿಂತ ಹೊಸದನ್ನು ಕಟ್ಟುವುದು ಆಳುವವರಿಗೆ ಎಂದಿಗೂ ಸುಲಭ! ಮೆಜೆಸ್ಟಿಕ್ ಸುತ್ತಮುತ್ತ ಒಳಚರಂಡಿ ಆರಂಭವಾದದ್ದು 1922ರಲ್ಲಿ, ಅಂದರೆ ಪ್ಲೇಗಿನ ಇಪ್ಪತ್ತನಾಲ್ಕು ವರ್ಷಗಳ ನಂತರ.

ಹೆಸರಘಟ್ಟ ಸಾಲದಾದಾಗ ತಿಪ್ಪಗೊಂಡನಹಳ್ಳಿಯ ಜಲಾಶಯ ಸಿದ್ಧವಾಯಿತು (1933). ಆಗ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. ಅವರನ್ನು ಉದ್ಯಾನಗಳಿಗಾಗಿ ನೆನೆಯುವ ನಮ್ಮ ಜನ ಈ ಜಲಾಶಯವನ್ನು ಮರೆತುಬಿಡುತ್ತಾರೆ. ಕಣ್ಣಿಗೆ ಕಾಣುವ ಹೂವಿಗೆ ಸಿಗುವ ಹೊಗಳಿಕೆ ಕಾಣದ ಕೊಳವೆಗೆ ಸಿಗುವುದಿಲ್ಲ.

1948ರಲ್ಲಿ ಜಯನಗರಕ್ಕೆ ಅಡಿಗಲ್ಲು ಬಿತ್ತು. 1974ರಲ್ಲಿ ಸುಮಾರು ನೂರು ಕಿಲೋಮೀಟರ್ ದೂರದಿಂದ ಕಾವೇರಿ ನೀರು ಬಂದಿತು. ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳ ಹೆಸರಿನಿಂದ ಬಿಟಿಎಂ ಬಡಾವಣೆಯಾಯಿತು. ನೀರು ದೂರದಿಂದ ಬಂದ ಮೇಲೆ ಹತ್ತಿರದ ಕೆರೆಗಳ ಗೊಡವೆ ಯಾರಿಗೂ ಬೇಡವಾಯಿತು. ಒಂದು ಕೆರೆಯ ಕೋಡಿಯಿಂದ ಮುಂದಿನ ಕೆರೆಗೆ ಮಳೆನೀರು ಸಾಗಿಸುತ್ತಿದ್ದ ರಾಜಕಾಲುವೆಗಳು ಕಿರಿದಾದವು, ಕೊಳಚೆ ಹೊತ್ತವು. 2019ರ ನವೆಂಬರ್ 24ರಂದು ಹುಳಿಮಾವು ಕೆರೆಯ ಏರಿ ಒಡೆದು ನೂರಾರು ಮನೆಗಳಿಗೆ ನೀರು ನುಗ್ಗಿತು. ಅದೇ ತಿಂಗಳು ಹೊಸಕೆರೆಹಳ್ಳಿ ಕೆರೆಯ ಏರಿಯೂ ಒಡೆದಿತ್ತು.

ಲಾಭವನ್ನು ಗಳಿಸುವುದಕ್ಕಿಂತ ಹಾನಿಯನ್ನು ತಡೆಯುವುದಕ್ಕೆ ಆದ್ಯತೆ ಎಂಬ ಫಿಕ್‌ಹ್‌ನ ನಿಯಮವನ್ನು ನಾವು ಮದ್ರಸದಲ್ಲಿ ಬಾಯಿಪಾಠ ಮಾಡಿದ್ದೆವು. ಆದರೂ ನಮ್ಮ ಓಣಿಯ ಮನವಿಪತ್ರ ಬರೆಯುವಾಗ ಅದು ನೆನಪಿಗೆ ಬರಲಿಲ್ಲ; ನಾವೂ ಡಾಂಬರನ್ನೇ ಕೇಳಿದೆವು. ಡಾಂಬರು ಬಿತ್ತು. ಮರುವರ್ಷವೇ ಕೊಳವೆಗಾಗಿ ಅದನ್ನು ಅಗೆಯಲಾಯಿತು, ಮಳೆಗಾಲದಲ್ಲಿ ತಗ್ಗಿನ ಮನೆಗಳ ಅಡುಗೆಕೋಣೆಗೆ ಚರಂಡಿಯ ನೀರು ಹಿಂದಕ್ಕೆ ಬಂದಿತು. ಆ ಮನೆಗಳಲ್ಲಿ ಇರುವವರು ಬಾಡಿಗೆಯವರು. ಮನವಿಪತ್ರದಲ್ಲಿ ಅವರ ಸಹಿಯೇ ಇರಲಿಲ್ಲ, ನಾವು ಕೇಳಿಯೂ ಇರಲಿಲ್ಲ.

ಈಗ ಎರಡನೆಯ ಮನವಿ ಸಿದ್ಧವಾಗಿದೆ. ಮೊದಲು ಕಾಲುವೆಯ ಹೂಳು, ಆಮೇಲೆ ಕೊಳವೆ, ಕೊನೆಗೆ ರಸ್ತೆ. ಮೊದಲ ಸಹಿಗಳು ಆ ತಗ್ಗಿನ ಮನೆಗಳವರದು. ಜುಮಾ ನಮಾಝಿನ ನಂತರ ಸಹಿ ಹಾಕಿದ ಹಿರಿಯರೊಬ್ಬರು, "ಹಾಗಾದರೆ ರಸ್ತೆ ಯಾವಾಗ, ಮೌಲವಿ ಸಾಹೇಬರೇ?" ಎಂದು ಕೇಳಿದರು. ಇನ್ನೂ ಎರಡು ಮಳೆಗಾಲ ಕಾಯಬೇಕಾದೀತು ಎಂದೆವು.