ಕ್ಲಾರೆಂಡನ್

ಕ್ಲಾರೆಂಡನ್ ಎಂಬುದು ದಪ್ಪ ಸೆರಿಫ್‌ಗಳುಳ್ಳ (ಅಕ್ಷರದ ಗೆರೆಗಳ ತುದಿಯ ಚಿಕ್ಕ ಅಡ್ಡಗೆರೆಗಳುಳ್ಳ) ರೋಮನ್ ಅಕ್ಷರವಿನ್ಯಾಸ. ಅಚ್ಚುಮೊಳೆಗಳನ್ನು ಎರಕ ಹೊಯ್ಯುತ್ತಿದ್ದ ಲಂಡನ್ನಿನ ಫ್ಯಾನ್ ಸ್ಟ್ರೀಟ್ ಟೈಪ್ ಫೌಂಡ್ರಿ 1845ರಲ್ಲಿ ಇದನ್ನು ಹೊರತಂದಿತು. ಫೌಂಡ್ರಿಯ ಪಾಲುದಾರ ರಾಬರ್ಟ್ ಬೆಸ್ಲಿ ಇದರ ರೂವಾರಿ. ಅಕ್ಷರಗಳ ಮೂಲ ಅಚ್ಚುಗಳನ್ನು ಉಕ್ಕಿನಲ್ಲಿ ಕೊರೆದವನು ಬೆಂಜಮಿನ್ ಫಾಕ್ಸ್.

ದಪ್ಪ ಅಕ್ಷರಗಳು ಇಂಗ್ಲೆಂಡಿಗೆ ಆಗ ಹೊಸವೇನಲ್ಲ. 1810ರ ದಶಕದಿಂದಲೇ ಭಿತ್ತಿಪತ್ರಗಳಲ್ಲಿ ಭಾರಿ ಗಾತ್ರದ ಕಪ್ಪು ಮೊಳೆಗಳು ಬಳಕೆಯಲ್ಲಿದ್ದವು. ಆದರೆ ಅವು ಗೋಡೆಯ ಮೇಲಿನ ಕೂಗು. ಪುಸ್ತಕದ ಸಾಲಿನೊಳಗೆ ಹೊಂದುತ್ತಿರಲಿಲ್ಲ. ಪುಟದಲ್ಲಿ ಒಂದು ಪದವನ್ನು ಎತ್ತಿ ತೋರಿಸಬೇಕಾದರೆ ಇಟಾಲಿಕ್ ಅಥವಾ ಸಣ್ಣ ಗಾತ್ರದ ಕ್ಯಾಪಿಟಲ್ ಅಕ್ಷರಗಳನ್ನೇ ನೆಚ್ಚಬೇಕಿತ್ತು. ಓದುವ ಪಠ್ಯದ ಪಕ್ಕದಲ್ಲೇ ಕೂತು, ಸಾಲಿನ ಅಳತೆ ಕೆಡಿಸದೆ ಕಣ್ಣಿಗೆ ಬೀಳುವ ಅಕ್ಷರವಾಗಿದ್ದುದೇ ಕ್ಲಾರೆಂಡನ್‌ನ ನಿಜವಾದ ಸಾಧನೆ.

ಇದಕ್ಕೆ ಕಾರಣ ಅದರ ಮೈಕಟ್ಟು. ಚಪ್ಪಡಿಯಂಥ ಸೆರಿಫ್‌ಗಳಿರುವ ಹಳೆಯ ಸ್ಲ್ಯಾಬ್ ಅಕ್ಷರಗಳಲ್ಲಿ ಸೆರಿಫ್ ಕಾಂಡಕ್ಕೆ, ಅಂದರೆ ಅಕ್ಷರದ ಮುಖ್ಯ ಗೆರೆಗೆ, ನೇರ ಮೂಲೆಯಲ್ಲಿ ತಾಗುತ್ತದೆ; ಇಲ್ಲಿ ಅದು ಬಾಗಿದ ಗೆರೆಯಲ್ಲಿ ಕಾಂಡದೊಳಕ್ಕೆ ಸೇರಿಕೊಳ್ಳುತ್ತದೆ. ಆದ್ದರಿಂದ ದಪ್ಪವಿದ್ದರೂ ಒರಟಾಗಿ ಕಾಣುವುದಿಲ್ಲ. ದಪ್ಪ ಮತ್ತು ತೆಳು ಗೆರೆಗಳ ನಡುವಿನ ಅಂತರ ಬೊಡೋನಿ ಎಂಬ ಅಕ್ಷರವಿನ್ಯಾಸದಲ್ಲಿರುವಷ್ಟು ತೀವ್ರವಲ್ಲ, ಹಾಗಾಗಿ ತೆಳು ಭಾಗಗಳು ಅಚ್ಚಿನಲ್ಲಿ ಮಾಸಿಹೋಗುವುದಿಲ್ಲ. ಸಣ್ಣಕ್ಷರಗಳು ಸಾಕಷ್ಟು ಎತ್ತರವಾಗಿದ್ದು, ಅವುಗಳ ಒಳಗಿನ ಬಿಳಿ ಜಾಗ ಶಾಯಿಯಿಂದ ಮುಚ್ಚಿಕೊಳ್ಳುವುದೂ ಕಡಿಮೆ. ‘ಎ’, ‘ಸಿ’, ‘ಆರ್’ ಸಣ್ಣಕ್ಷರಗಳ ತುದಿಯಲ್ಲಿರುವ ದುಂಡು ಬೊಟ್ಟು ಮತ್ತು ಕ್ಯಾಪಿಟಲ್ ‘ಆರ್’ನ ಬಳುಕಿದ ಕಾಲು ಇದರ ಸುಲಭ ಗುರುತುಗಳು.

ಬೆಸ್ಲಿ ಈ ವಿನ್ಯಾಸವನ್ನು ನೋಂದಾಯಿಸಿದ್ದರೂ ಕಾನೂನಿನ ರಕ್ಷಣೆ ಮೂರೇ ವರ್ಷದ್ದು. ಅವಧಿ ಮುಗಿದೊಡನೆ ಇತರ ಫೌಂಡ್ರಿಗಳು ಇಂಥವೇ ಮೊಳೆಗಳನ್ನು ಎರಕ ಹೊಯ್ದವು. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಮೊದಲ ಕಂತು 1884ರಲ್ಲಿ ಬಂದಾಗ ಅದರ ಮುಖ್ಯ ಪದಗಳು ಕ್ಲಾರೆಂಡನ್‌ನಲ್ಲಿದ್ದವು. ಒತ್ತಾಗಿ ತುಂಬಿದ ಪುಟದಲ್ಲಿ ಬೇಕಾದ ಪದ ಥಟ್ಟನೆ ಸಿಗುವಂತಾದದ್ದು ದೊಡ್ಡ ಉಪಕಾರ. ಅಮೆರಿಕದಲ್ಲಿ ಮರದ ಮೊಳೆಗಳಿಗೆ ಇಳಿದ ಈ ಮಾದರಿ ಭಿತ್ತಿಪತ್ರಗಳನ್ನು ಆಳಿತು. ಕಾಂಡಕ್ಕಿಂತ ಸೆರಿಫ್‌ಗಳೇ ದಪ್ಪವಾಗಿರುವ ಫ್ರೆಂಚ್ ಕ್ಲಾರೆಂಡನ್ ಇದರ ಕವಲು. ಕೌಬಾಯ್ ಸಿನಿಮಾಗಳ ಪೋಸ್ಟರುಗಳಿಂದ ಅದು ಹಲವರಿಗೆ ಪರಿಚಿತ.

ಸ್ವಿಟ್ಜರ್ಲೆಂಡಿನ ಹಾಸ್ ಫೌಂಡ್ರಿಗಾಗಿ ಹರ್ಮನ್ ಐಡೆನ್‌ಬೆಂಜ್ 1953ರಲ್ಲಿ ರೂಪಿಸಿದ ಆವೃತ್ತಿಯಿಂದ ಈ ಅಕ್ಷರಕ್ಕೆ ಮರುಹುಟ್ಟು ಬಂದಿತು. ಇಂದು ಪ್ರಚಲಿತವಾಗಿರುವ ಒಂದು ಕಂಪ್ಯೂಟರ್ ಫಾಂಟ್‌ಗೆ ಆಧಾರವೂ ಅದೇ. ಅಮೆರಿಕದ ರಾಷ್ಟ್ರೀಯ ಉದ್ಯಾನಗಳ ರಸ್ತೆಫಲಕಗಳಲ್ಲಿ ಕ್ಲಾರೆಂಡನ್ ಬಹುಕಾಲ ಇತ್ತು. ನಂತರ ಅಲ್ಲಿಗೆ ರಾಲಿನ್ಸನ್ ಎಂಬ ಹೊಸ ವಿನ್ಯಾಸ ಬಂದಿತು.

ಶೀರ್ಷಿಕೆ, ಫಲಕ, ಲಾಂಛನ, ನಿಘಂಟಿನ ಪದ ಇವುಗಳಿಗೆ ಕ್ಲಾರೆಂಡನ್ ಚೆನ್ನಾಗಿ ಒಪ್ಪುತ್ತದೆ. ಪುಟಗಟ್ಟಲೆ ಪಠ್ಯಕ್ಕೆ ಅದರ ದಪ್ಪ ರೂಪ ಸಲ್ಲದು, ಕಣ್ಣು ಬೇಗ ದಣಿಯುತ್ತದೆ. ಐಡೆನ್‌ಬೆಂಜ್ ಆವೃತ್ತಿಯಲ್ಲಿ ಇಟಾಲಿಕ್ ಇಲ್ಲದಿರುವುದೂ ಪುಸ್ತಕ ವಿನ್ಯಾಸಕಾರರಿಗೆ ಒಂದು ತೊಡಕೇ.