ರದ್ದಿ ಪೇಪರಿನ ಇಂಗ್ಲಿಷು

ಮಹಾರಾಷ್ಟ್ರದ ಹತ್ತನೇ ಇಯತ್ತೆಯ ಇಂಗ್ಲಿಷ್ ಪರೀಕ್ಷೆಯಲ್ಲಿ ನನಗೆ ಯಾವಾಗಲೂ ವಿಚಿತ್ರವೆನಿಸುವ ಒಂದು ಪ್ರಶ್ನೆಯಿದೆ. ಒಂದು ತಲೆಬರಹ ಕೊಟ್ಟು ಅದಕ್ಕೆ ಸುದ್ದಿ ಬರೆಯಿರಿ ಅನ್ನುತ್ತಾರೆ. ಊರು, ತಾರೀಖು, 'ನಮ್ಮ ವರದಿಗಾರರಿಂದ' ಎಂಬ ಒಂದು ಸಾಲು, ಆಮೇಲೆ ನಡೆದ ಸಂಗತಿ. ಎಲ್ಲವನ್ನೂ ಪರೀಕ್ಷೆಗೆ ಕೂತ ಹುಡುಗ ತನ್ನ ತಲೆಯಿಂದಲೇ ತೆಗೆಯಬೇಕು. ಬೆಂಕಿ ಬಿದ್ದಿತೆಂದರೆ ಎಷ್ಟು ಜನ ಸತ್ತರು ಅನ್ನುವುದನ್ನು ಅವನೇ ಗೊತ್ತುಮಾಡುತ್ತಾನೆ. ಟ್ಯೂಷನ್ನಿನವರು ಕೊನೆಯ ಸಾಲನ್ನು ಬಾಯಿಪಾಠ ಮಾಡಿಸಿರುತ್ತಾರೆ: ಹೆಚ್ಚಿನ ತನಿಖೆ ನಡೆಯುತ್ತಿದೆ. ವ್ಯಾಕರಣ ಸರಿಯಿದ್ದರೆ ಅಂಕ ಸಿಗುತ್ತದೆ.

ಶಾಲೆಯ ಅರಿವನ್ನು ಹೊರಗಿನ ಬದುಕಿಗೆ ಜೋಡಿಸಬೇಕು ಎಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ತನ್ನ ಮೊದಲ ತತ್ವಗಳಲ್ಲೇ ಹೇಳಿಕೊಂಡಿತ್ತು. ಸುದ್ದಿ ಬರೆಸುವ ಪ್ರಶ್ನೆಯೂ ಅಂಥ ಒಳ್ಳೆಯ ಉದ್ದೇಶದಿಂದಲೇ ಬಂದಿರಬಹುದು. ಆದರೆ ನಡೆದದ್ದನ್ನು ಓದಿ ಅದಕ್ಕೆ ತನ್ನ ಮಾತು ಸೇರಿಸುವುದು ಬೇರೆ, ನಡೆಯದ್ದನ್ನು ನಡೆದಂತೆ ಬರೆಯುವುದು ಬೇರೆ. ಮೊದಲನೆಯದಕ್ಕೆ ನಮ್ಮ ಮುಂಬಯಿಯಲ್ಲಿ ಹತ್ತಿರ ಹತ್ತಿರ ಇನ್ನೂರು ವರ್ಷದ ಇತಿಹಾಸವಿದೆ. ಅದರಲ್ಲಿ ನಮ್ಮ ಕನ್ನಡದ ರಾತ್ರಿ ಶಾಲೆಗಳಿಗೂ ಒಂದು ಮೂಲೆಯ ಬೆಂಚು ಉಂಟು.

1832ರ ಜನವರಿ 6ರಂದು ಬಾಳಶಾಸ್ತ್ರಿ ಜಾಂಭೇಕರರು ಮುಂಬಯಿಯಲ್ಲಿ 'ದರ್ಪಣ' ಶುರುಮಾಡಿದರು. ಮರಾಠಿಯ ಮೊದಲ ಪತ್ರಿಕೆ ಎಂದು ಎಲ್ಲರೂ ಹೇಳುತ್ತಾರೆ. ಅದರ ಅರ್ಧ ಇಂಗ್ಲಿಷಿನಲ್ಲಿತ್ತು ಅನ್ನುವುದನ್ನು ಅಷ್ಟಾಗಿ ಹೇಳುವುದಿಲ್ಲ. ಒಂದು ಅಂಕಣದಲ್ಲಿ ಇಂಗ್ಲಿಷು, ಪಕ್ಕದ್ದರಲ್ಲಿ ಮರಾಠಿ. ಕೊಂಕಣದ ಪೊಂಬುರ್ಲೆಯಿಂದ ಬಂದ ಈ ಇಪ್ಪತ್ತರ ಆಸುಪಾಸಿನ ಹುಡುಗ ಮುಂದೆ 1834ರಲ್ಲಿ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಅಧ್ಯಾಪಕರಾದರು. ಇಂಗ್ಲಿಷ್ ಕಲಿಯುತ್ತಿದ್ದ ಹಿಂದೂ ತರುಣನೊಬ್ಬ ಎಡಗಣ್ಣಿನಿಂದ ಒಂದನ್ನೂ ಬಲಗಣ್ಣಿನಿಂದ ಇನ್ನೊಂದನ್ನೂ ಓದಬಹುದಾದ ಆ ಹಾಳೆಗಿಂತ ಒಳ್ಳೆಯ ಇಂಗ್ಲಿಷ್ ರೀಡರು ಆಗ ಇನ್ನೇನಿದ್ದೀತು? ಪತ್ರಿಕೆ ಸುಮಾರು ಎಂಟು ವರ್ಷ ನಡೆಯಿತು. ನಮ್ಮ ಮಂಗಳೂರಿನಲ್ಲಿ ಮೋಗ್ಲಿಂಗ್ ಪಾದ್ರಿ 'ಮಂಗಳೂರು ಸಮಾಚಾರ'ವನ್ನು ಕಲ್ಲಚ್ಚಿನಲ್ಲಿ ತೆಗೆದದ್ದು 1843ರಲ್ಲಿ. ಅದು ಕನ್ನಡದ್ದೇ, ಇಂಗ್ಲಿಷ್ ಕಲಿಸುವ ಗೊಡವೆ ಅದಕ್ಕಿರಲಿಲ್ಲ.

ಇಂಗ್ಲಿಷ್ ಶಾಲೆಯೂ ಪತ್ರಿಕೆಯೂ ಒಂದೇ ಮನೆಯ ಮಕ್ಕಳಾಗಿ ಬೆಳೆದದ್ದನ್ನು ನೋಡಬೇಕಾದರೆ ಪುಣೆಗೆ ಹೋಗಬೇಕು. ಚಿಪಳೂಣಕರ್, ತಿಲಕ್ ಮೊದಲಾದವರು 1880ರ ಜನವರಿಯಲ್ಲಿ ನ್ಯೂ ಇಂಗ್ಲಿಷ್ ಸ್ಕೂಲ್ ತೆರೆದರು. ಆಗರ್ಕರರೂ ಬೇಗನೆ ಬಂದು ಸೇರಿದರು. ಸರಿಯಾಗಿ ಒಂದು ವರ್ಷಕ್ಕೆ, 1881ರ ಜನವರಿಯಲ್ಲಿ, ಅದೇ ಮಾಸ್ತರರು ಮರಾಠಿಯಲ್ಲಿ 'ಕೇಸರಿ', ಇಂಗ್ಲಿಷಿನಲ್ಲಿ 'ಮರಾಠಾ' ಹೊರಡಿಸಿದರು. ಹಗಲು ಕಲಿಸುವವರೇ ಪತ್ರಿಕೆಯನ್ನೂ ಬರೆಯುವವರು. ಕೊಲ್ಹಾಪುರದ ದಿವಾನರ ಮೇಲೆ ಬರೆದದ್ದಕ್ಕೆ ಮಾನಹಾನಿಯ ದಾವೆಯಾಗಿ 1882ರಲ್ಲಿ ತಿಲಕರೂ ಆಗರ್ಕರರೂ ನಮ್ಮ ಡೋಂಗ್ರಿಯ ಜೈಲಿನಲ್ಲಿ 101 ದಿನ ಕಳೆದರು. ಮಾಸ್ತರರು ಜೈಲಿಗೆ ಹೋದ ಶಾಲೆಯ ಹುಡುಗರಿಗೆ ವರ್ತಮಾನ ಅಂದರೆ ಏನೆಂದು ಬೇರೆ ಪಾಠ ಬೇಕಾಗಿರಲಾರದು.

ಸರಕಾರಕ್ಕೂ ಇದು ಗೊತ್ತಾಯಿತು. 1907ರ ಮೇ ತಿಂಗಳಲ್ಲಿ ರಿಸ್ಲಿ ಸುತ್ತೋಲೆ ಬಂತು. ವಿದ್ಯಾರ್ಥಿಗಳು ರಾಜಕೀಯ ಸಭೆಗಳಿಗೆ ಹೋಗಕೂಡದು, ಮಾಸ್ತರರು ಅವರನ್ನು ಆ ಕಡೆ ತಳ್ಳಕೂಡದು. ತಪ್ಪಿದ ಶಾಲೆಗೆ ಸರಕಾರದ ಅನುದಾನ, ಅದರ ಮಕ್ಕಳಿಗೆ ವಿದ್ಯಾರ್ಥಿವೇತನ ಹೋದಾವು. ಈ ಸುತ್ತೋಲೆ ಪೇಪರು ಓದಬೇಡಿ ಎಂದು ಹೇಳಬೇಕಾಗಿಯೇ ಇರಲಿಲ್ಲ. ಅನುದಾನದ ಮಾತು ಬಂದರೆ ಸಾಕು, ಮುಖ್ಯಾಧ್ಯಾಪಕರು ತಾವೇ ಪೇಪರನ್ನು ಕಪಾಟಿನಲ್ಲಿಟ್ಟು ಬೀಗ ಹಾಕುತ್ತಾರೆ. ಈ ಗುಣ ಬ್ರಿಟಿಷರ ಜೊತೆ ಹಡಗು ಹತ್ತಿ ಹೋಗಲಿಲ್ಲ.

ಮರುವರ್ಷ, 1908ರ ಜುಲೈಯಲ್ಲಿ, ತಿಲಕರ ಮೇಲೆ ರಾಜದ್ರೋಹದ ವಿಚಾರಣೆ ಮುಂಬಯಿ ಹೈಕೋರ್ಟಿನಲ್ಲಿ ನಡೆಯಿತು. ಜ್ಯೂರಿಯಲ್ಲಿ ಏಳು ಯುರೋಪಿಯನ್ನರು, ಇಬ್ಬರು ಪಾರ್ಸಿಗಳು. 'ಕೇಸರಿ'ಯ ಲೇಖನಗಳಿದ್ದದ್ದು ಮರಾಠಿಯಲ್ಲಿ. ವಾದವೆಲ್ಲ ನಡೆದದ್ದು ಅವುಗಳ ಇಂಗ್ಲಿಷ್ ಅನುವಾದದ ಮೇಲೆ. ಅನುವಾದ ತಪ್ಪು, ನನ್ನ ಶಬ್ದಕ್ಕೆ ಆ ಅರ್ಥವಿಲ್ಲ ಎಂದು ತಿಲಕರು ತಾವೇ ನಿಂತು ಹಲವು ದಿನ, ಒಟ್ಟು ಇಪ್ಪತ್ತಕ್ಕೂ ಹೆಚ್ಚು ತಾಸು ವಾದಿಸಿದರು. ಏಳು ಮಂದಿ ಅಪರಾಧಿ ಎಂದರು, ಇಬ್ಬರು ಅಲ್ಲ ಎಂದರು. ಆರು ವರ್ಷದ ಶಿಕ್ಷೆ, ಮಂಡಾಲೆ. ಗಿರಣಿ ಕಾಮಗಾರರು ಆರು ದಿನ ಕೆಲಸ ನಿಲ್ಲಿಸಿದರು. ಇಂಗ್ಲಿಷ್ ಶಬ್ದವೊಂದರ ಅರ್ಥ ಎಷ್ಟು ಬೆಲೆ ಬಾಳೀತು ಎಂಬುದಕ್ಕೆ ಇದಕ್ಕಿಂತ ದೊಡ್ಡ ಪಾಠ ನನಗೆ ತೋಚುವುದಿಲ್ಲ.

ಅದೇ 1908ರಲ್ಲಿ ಇದೇ ಊರಿನಲ್ಲಿ ಮೊಗವೀರರ ರಾತ್ರಿ ಶಾಲೆ ಶುರುವಾಯಿತು. ಕರಾವಳಿಯ ಮೀನುಗಾರ ಕುಟುಂಬಗಳಿಂದ ಬಂದವರು 1902ರಲ್ಲಿ ಕಟ್ಟಿಕೊಂಡ ಮೊಗವೀರ ವ್ಯವಸ್ಥಾಪಕ ಮಂಡಳಿ ಅದನ್ನು ನಡೆಸಿತು. ಮುಂದೆ ಬಿಲ್ಲವರ ಗುರುನಾರಾಯಣ ರಾತ್ರಿ ಶಾಲೆಯಂಥ ಇನ್ನೂ ಹಲವು ಹುಟ್ಟಿದವು. ಹಗಲು ಹೊಟೇಲಿನಲ್ಲಿ ಕಪ್ಪು ತೊಳೆದು, ಕ್ಯಾಂಟೀನಿನಲ್ಲಿ ಚಹಾ ಹಂಚಿ, ಆಫೀಸುಗಳಲ್ಲಿ ಫೈಲು ಹೊತ್ತು, ರಾತ್ರಿ ಬೆಂಚಿನ ಮೇಲೆ ತೂಕಡಿಸುತ್ತ ಕಲಿತವರ ಕಥೆ ಈ ಓದುಗರಲ್ಲಿ ಹಲವರ ಮನೆಯದ್ದೇ. ಅದನ್ನು ನಾನು ಹೊಸದಾಗಿ ಹೇಳಬೇಕಿಲ್ಲ. ಒಂದೇ ಮಾತು: ಆ ಹುಡುಗರಿಗೆ ಇಂಗ್ಲಿಷ್ ಎಂದರೆ ಟೇಬಲು ಒರೆಸುವ ಬಟ್ಟೆಯಿಂದ ಟೈಪ್‌ರೈಟರಿಗೆ ದಾಟುವ ಸೇತುವೆ. ಅದಕ್ಕಿಂತ ಹೆಚ್ಚಿನದನ್ನು ಅದರಿಂದ ಯಾರೂ ಕೇಳುತ್ತಿರಲಿಲ್ಲ. ಕೊಡುವ ಮಾಸ್ತರೊಬ್ಬರು ಸಿಕ್ಕಿದರೆ ಅದು ಅದೃಷ್ಟ.

ನನಗೆ ಸಿಕ್ಕಿದರು. 1974ರಲ್ಲಿ ನಾನು ಕೋಟೆ ಪ್ರದೇಶದ ಒಂದು ರಾತ್ರಿ ಶಾಲೆಯಲ್ಲಿದ್ದೆ. ಮೇ 8ಕ್ಕೆ ಶುರುವಾದ ರೈಲ್ವೆ ಮುಷ್ಕರ ಇಪ್ಪತ್ತು ದಿನ ನಡೆದು ಮುರಿದಿತ್ತು. ಮುಷ್ಕರದ ಮುಂದಾಳು ಜಾರ್ಜ್ ಫರ್ನಾಂಡಿಸ್ ನಮ್ಮ ಮಂಗಳೂರಿನವರು, ಆದ್ದರಿಂದ ಹೊಟೇಲಿನ ಒಳಕೋಣೆಯಲ್ಲಿ ನಮಗೆ ಬೇರೆ ಮಾತೇ ಇರಲಿಲ್ಲ. ಜೂನಿನಲ್ಲಿ ಶಾಲೆ ತೆರೆದಾಗ ಇಂಗ್ಲಿಷ್ ಮಾಸ್ತರು ಕಂಕುಳಲ್ಲಿ ಮೇ ತಿಂಗಳ ಪೇಪರುಗಳ ಒಂದು ರದ್ದಿ ಕಟ್ಟನ್ನು ಇಟ್ಟುಕೊಂಡು ಬಂದರು. ರದ್ದಿವಾಲಾನಿಂದ ತೂಕಕ್ಕೆ ಕೊಂಡದ್ದು. ಅಲ್ಲಿಂದ ಮುಂದೆ ನಾವೂ ಗಿರಾಕಿಗಳು ಓದಿ ಬಿಟ್ಟುಹೋದ ಪೇಪರನ್ನು ಮಡಚಿ ತರುತ್ತಿದ್ದೆವು, ಸಾಂಬಾರಿನ ಕಲೆ ಸಮೇತ.

ಅವರದು ಮೂರೇ ಪ್ರಶ್ನೆ. ಏನಾಯಿತು? ಯಾರು ಹೇಳಿದರು? ನೀನೇನು ಹೇಳುತ್ತೀ? ಮೂರಕ್ಕೂ ಒಂದೊಂದು ಇಂಗ್ಲಿಷ್ ವಾಕ್ಯ. ಮೊದಲನೆಯದನ್ನು ಪೇಪರಿನಿಂದ ನಕಲು ಮಾಡಿದರೂ ನಡೆಯುತ್ತಿತ್ತು. ಎರಡನೆಯದರಲ್ಲಿ ನಾವು ಸಿಕ್ಕಿಬೀಳುತ್ತಿದ್ದೆವು. ಇಂದು ಇಷ್ಟು ಗಾಡಿ ಓಡಿದವು ಎಂದು ಬರೆದರೆ, ಅದನ್ನು ಹೇಳಿದವರು ಯಾರು ಎಂದು ಕೇಳುವರು. ಸರಕಾರದ ಲೆಕ್ಕ ಒಂದು ಕಾಲಮಿನಲ್ಲಿ, ಯೂನಿಯನ್ನಿನ ಲೆಕ್ಕ ಇನ್ನೊಂದರಲ್ಲಿ. ಒಬ್ಬರ ಮಾತಿಗೆ 'ಸೆಡ್', ಇನ್ನೊಬ್ಬರ ಮಾತಿಗೆ 'ಕ್ಲೇಮ್ಡ್' ಅಂತ ಯಾಕೆ ಹಾಕಿದ್ದಾರೆ ನೋಡಿ ಅನ್ನುವರು. ಕನ್ನಡದಲ್ಲಿ ಎರಡಕ್ಕೂ 'ಹೇಳಿದರು' ಎಂದೇ ಅರ್ಥ ಬರೆದುಕೊಂಡಿದ್ದ ನಮಗೆ ಆ ಎರಡು ಕ್ರಿಯಾಪದಗಳ ನಡುವಿನ ಕಂದಕ ಅಂದೇ ಕಂಡದ್ದು. ಮೂರನೇ ಪ್ರಶ್ನೆಗೆ ಬಹಳ ಜನ 'ಮುಷ್ಕರ ಕೆಟ್ಟದ್ದು' ಅಥವಾ 'ಒಳ್ಳೆಯದು' ಎಂದು ಬರೆದು ಕೈತೊಳೆದುಕೊಂಡೆವು. ಒಬ್ಬನ ಅಣ್ಣ ರೈಲ್ವೆಯಲ್ಲಿ ಖಲಾಸಿ. ಮುಷ್ಕರದಲ್ಲಿ ಕ್ವಾರ್ಟರ್ಸಿನಿಂದ ಹೊರಹಾಕಿಸಿಕೊಂಡವರಲ್ಲಿ ಅವನ ಮನೆಯವರೂ ಇದ್ದರು. ಅವನು ಬರೆದದ್ದು ಎರಡು ಸಾಲು: ಅಣ್ಣನ ಮನೆಗೆ ಬೀಗ ಹಾಕಿದ್ದಾರೆ, ಅದು ಈ ಪೇಪರಿನಲ್ಲಿ ಇಲ್ಲ. ಮಾಸ್ತರು ಅದರಲ್ಲಿ ಬಿಟ್ಟುಹೋಗಿದ್ದ ಒಂದು 'ದಿ' ಸೇರಿಸಿ ಪುಸ್ತಕ ಹಿಂತಿರುಗಿಸಿದರು. ಬೇರೇನೂ ಹೇಳಲಿಲ್ಲ.

ಮರುವರ್ಷ ಜೂನ್ 25ರ ರಾತ್ರಿ ತುರ್ತುಪರಿಸ್ಥಿತಿ ಬಂತು. ಅದಾಗಿ ಕೆಲವೇ ದಿನದಲ್ಲಿ 'ಟೈಮ್ಸ್ ಆಫ್ ಇಂಡಿಯಾ'ದ ಮುಂಬಯಿ ಆವೃತ್ತಿಯ ಮರಣವಾರ್ತೆಗಳ ಕಾಲಮಿನಲ್ಲಿ ಒಂದು ಪುಟ್ಟ ಜಾಹೀರಾತು ಅಚ್ಚಾಯಿತು. ಕೊಟ್ಟವರು ಆಗ ತರುಣರಾಗಿದ್ದ ಪತ್ರಕರ್ತ ಅಶೋಕ್ ಮಹಾದೇವನ್. ಸತ್ತವರ ಹೆಸರು ಡಿ.ಇ.ಎಂ. ಓಕ್ರಸಿ. ಹೆಂಡತಿ ಟಿ. ರೂತ್, ಮಗ ಎಲ್.ಐ. ಬರ್ಟಿ. ಜೂನ್ 26ಕ್ಕೆ ತೀರಿಕೊಂಡರಂತೆ. ಮಾಸ್ತರು ಅದನ್ನು ಕಪ್ಪು ಹಲಗೆಯ ಮೇಲೆ ಬರೆಯಲಿಲ್ಲ. ಚಿಂದಿ ಪೇಪರನ್ನು ಬೆಂಚಿನಿಂದ ಬೆಂಚಿಗೆ ದಾಟಿಸಿ, ಹೆಸರುಗಳನ್ನು ಬಿಡಿಸಬೇಡಿ, ಒಟ್ಟಿಗೆ ಓದಿ ಅಂದರು. ಯಾರೋ ಒಬ್ಬ ಗಟ್ಟಿಯಾಗಿ ಓದಿದ, ಇನ್ನೊಬ್ಬ ನಕ್ಕ, ಆಮೇಲೆ ಇಡೀ ಕ್ಲಾಸು. ಸೆನ್ಸಾರಿನ ಕಾಲದಲ್ಲಿ ಪತ್ರಿಕೆಯ ಎಷ್ಟೋ ಕಣ್ಣುಗಳನ್ನು ತಪ್ಪಿಸಿ ಬಂದ ಪ್ರಜಾಪ್ರಭುತ್ವದ ಸಾವಿನ ಸುದ್ದಿಯನ್ನು ಅಂದು ಅರ್ಥಮಾಡಿಕೊಂಡವರಲ್ಲಿ ಇಡ್ಲಿ ಪ್ಲೇಟು ಎತ್ತುವ ಹತ್ತು ಹದಿನೈದು ಹುಡುಗರೂ ಇದ್ದರು. ಇಂಗ್ಲಿಷ್ ಕಲಿತದ್ದಕ್ಕೆ ಸಾರ್ಥಕ ಅನ್ನಿಸಿದ ನನ್ನ ಮೊದಲ ದಿನ ಅದು. ಬ್ಯಾಂಕಿನ ನೌಕರಿ ಸಿಕ್ಕ ದಿನ ಎರಡನೆಯದು.

ಆ ಪೇಪರನ್ನು ಅವರು ಮಡಚಿ ಜೇಬಿಗೆ ಹಾಕಿಕೊಂಡರು. ಅದರ ನಂತರ ರದ್ದಿ ಕಟ್ಟು ಬರಲಿಲ್ಲ. ಮೇಲಿನಿಂದ ಮಾತು ಬಂತೋ, ತಾವಾಗಿ ನಿಲ್ಲಿಸಿದರೋ, ನಾವು ಕೇಳಲಿಲ್ಲ. ಬರೀ ಕ್ರಿಕೆಟ್ ಪುಟ ತರುತ್ತಿದ್ದರು. 1976ರ ಏಪ್ರಿಲಿನಲ್ಲಿ ಪೋರ್ಟ್ ಆಫ್ ಸ್ಪೇನಿನಲ್ಲಿ 403 ರನ್ನಿನ ಗುರಿ ಬೆನ್ನಟ್ಟಿ ಗೆದ್ದ ಟೆಸ್ಟನ್ನು ನಾವು ಇಂಗ್ಲಿಷಿನಲ್ಲಿ ಅರೆದು ಕುಡಿದೆವು: ವಿಶ್ವನಾಥ್ 112, ಬ್ರಿಜೇಶ್ ಪಟೇಲ್ ಔಟಾಗದೆ 49. ಅದೂ ವರ್ತಮಾನವೇ, ಸಂತೋಷದ್ದು. ಆದರೆ 'ಯಾರು ಹೇಳಿದರು' ಎಂಬ ಪ್ರಶ್ನೆಗೆ ಅಲ್ಲಿ ಕೆಲಸವಿರಲಿಲ್ಲ.

ಹೊರಗಿನ ಜಗತ್ತಿನಲ್ಲಿ ಇದು ಯಾವತ್ತೋ ಒಂದು ಉದ್ಯಮವಾಗಿತ್ತು. ಅಮೆರಿಕದ ಮಸಾಚುಸೆಟ್ಸಿನಲ್ಲಿ ಚಾರ್ಲ್ಸ್ ಪಾಮರ್ ಡೇವಿಸ್ ಎಂಬವರು 1902ರಲ್ಲೇ ಶಾಲಾ ಮಕ್ಕಳಿಗೆಂದು 'ಕರೆಂಟ್ ಈವೆಂಟ್ಸ್' ಎಂಬ ವಾರಪತ್ರಿಕೆ ತೆಗೆದರು. ಅದು ನೂರಕ್ಕೂ ಹೆಚ್ಚು ವರ್ಷ ನಡೆಯಿತು. ನಮ್ಮಲ್ಲೂ ಆಮೇಲೆ ದೊಡ್ಡ ಇಂಗ್ಲಿಷ್ ಪತ್ರಿಕೆಗಳು ಶಾಲಾ ಆವೃತ್ತಿ ತಂದವು. ಬಣ್ಣದ ಪುಟ, ಕ್ವಿಜ್, ಶಾಲಾ ಸಮಾರಂಭದ ಫೋಟೋ. ಕೆಟ್ಟದ್ದೇನಲ್ಲ. ಆದರೆ ಮಕ್ಕಳಿಗೆಂದೇ ಸೋಸಿದ ಸುದ್ದಿಯಲ್ಲಿ ಜಗಳವನ್ನೇ ಸೋಸಿಬಿಟ್ಟಿರುತ್ತಾರೆ. ಜಗಳವಿಲ್ಲದ ಮೇಲೆ ಮಗು ಉತ್ತರ ಕೊಡುವುದಾದರೂ ಯಾವುದಕ್ಕೆ?

ಕೋಟೆಯ ಬಾಡಿಗೆ ಕೋಣೆಗಳಿಂದ ನಮ್ಮವರು ಪಶ್ಚಿಮ ರೈಲಿನ ಹಳಿ ಹಿಡಿದು ಬಡಾವಣೆ ಬಡಾವಣೆ ದಾಟಿ ಬೊರಿವಲಿ, ದಹಿಸರಕ್ಕೆ ಬಂದು ತಳವೂರಿದರು. ನಾನೂ ಹಾಗೇ ಬಂದವನು. ನಿವೃತ್ತನಾದ ಮೇಲೆ ಶನಿವಾರ ಸಂಜೆ ನಮ್ಮ ಸೊಸೈಟಿಯ ಕಚೇರಿಯಲ್ಲಿ ಏಳೆಂಟು ಕನ್ನಡ ಮನೆಗಳ ಮಕ್ಕಳನ್ನು ಕೂರಿಸಿಕೊಂಡು ಇಂಗ್ಲಿಷ್ ಪೇಪರು ಓದಿಸುತ್ತೇನೆ. ಅವರ ಉಚ್ಚಾರ ನನಗಿಂತ ಚೆನ್ನ. ಇಂಗ್ಲಿಷು ಅವರಿಗೆ ಸೇತುವೆಯಲ್ಲ, ನೆಲ. ಕೊರತೆಯಿರುವುದು ಬೇರೆ ಕಡೆ.

2006ರ ಜುಲೈ 11ರ ಸಂಜೆ ಪಶ್ಚಿಮ ರೈಲಿನ ಏಳು ಲೋಕಲುಗಳ ಫಸ್ಟ್ ಕ್ಲಾಸ್ ಡಬ್ಬಿಗಳಲ್ಲಿ ಹನ್ನೊಂದು ನಿಮಿಷದೊಳಗೆ ಬಾಂಬು ಸಿಡಿದವು. ಒಂದು ನಮ್ಮ ಬೊರಿವಲಿಯಲ್ಲಿ. ಮರುದಿನದ ಪೇಪರನ್ನು ನಾನು ರದ್ದಿಗೆ ಹಾಕಿರಲಿಲ್ಲ. 2015ರ ಸೆಪ್ಟೆಂಬರಿನಲ್ಲಿ ವಿಶೇಷ ನ್ಯಾಯಾಲಯ ಹದಿಮೂರು ಆರೋಪಿಗಳಲ್ಲಿ 12 ಮಂದಿಯನ್ನು ಅಪರಾಧಿಗಳೆಂದು ಸಾರಿ, ಐವರಿಗೆ ಗಲ್ಲು, ಏಳು ಮಂದಿಗೆ ಜೀವಾವಧಿ ಕೊಟ್ಟಿತು. ಬಿಡುಗಡೆಯಾದ ಒಬ್ಬರು ವೃತ್ತಿಯಿಂದ ಶಾಲಾ ಮಾಸ್ತರು. ಆ ಪೇಪರೂ ಇತ್ತು. 2025ರ ಜುಲೈ 21ರಂದು ಹೈಕೋರ್ಟು, ಪ್ರಾಸಿಕ್ಯೂಷನ್ ಆರೋಪವನ್ನು ಸಾಬೀತುಮಾಡುವಲ್ಲಿ ಪೂರ್ತಿ ಸೋತಿದೆ ಎಂದು ಆ 12 ಮಂದಿಯನ್ನೂ ದೋಷಮುಕ್ತರೆಂದಿತು. ಮೂರೇ ದಿನಕ್ಕೆ ಸುಪ್ರೀಂ ಕೋರ್ಟು, ಹೊರಬಂದವರು ಜೈಲಿಗೆ ಮರಳಬೇಕಿಲ್ಲ, ಆದರೆ ಈ ತೀರ್ಪನ್ನು ಬೇರೆ ಪ್ರಕರಣಗಳಿಗೆ ಆಧಾರವಾಗಿ ಹಿಡಿಯಕೂಡದು ಎಂದಿತು. ಆ ಶನಿವಾರ ನಾಲ್ಕು ಪೇಪರನ್ನೂ ಮೇಜಿನ ಮೇಲೆ ಸಾಲಾಗಿ ಹರಡಿದೆ.

'ಸಸ್ಪೆಕ್ಟ್', 'ಅಕ್ಯೂಸ್ಡ್', 'ಕನ್ವಿಕ್ಟೆಡ್', 'ಅಕ್ವಿಟೆಡ್'. ನಾಲ್ಕೇ ಶಬ್ದಗಳ ಪಾಠ, ಹತ್ತೊಂಬತ್ತು ವರ್ಷ ಉದ್ದದ್ದು. ಓದುತ್ತಿದ್ದವರಲ್ಲಿ ಒಬ್ಬರೂ ಆ ಸಂಜೆ ಹುಟ್ಟಿರಲಿಲ್ಲ. ಸತ್ತವರ ಸಂಖ್ಯೆ ಒಂದು ಕಡೆ 187, ಇನ್ನೊಂದು ಕಡೆ 189, ಬೇರೊಂದು ಕಡೆ ಇನ್ನೂರು ದಾಟಿದೆ. ಯಾವುದು ಸರಿ ಅಂಕಲ್ ಎಂದು ಹುಡುಗನೊಬ್ಬ ಕೇಳಿದ. ಯಾವುದನ್ನು ಯಾರು ಹೇಳಿದ್ದಾರೆ ಹುಡುಕು ಎಂದೆ. ಹಾಗಾದರೆ ಮಾಡಿದವರು ಯಾರು ಎಂದು ಇನ್ನೊಬ್ಬ. ನಾಲ್ಕು ಪೇಪರನ್ನೂ ತಿರುವಿಹಾಕಿ, ಉತ್ತರ ಸಿಗದೆ, ಕೊನೆಗೆ ತನ್ನ ಪುಸ್ತಕದಲ್ಲಿ ಕ್ಲಾಸಿನಲ್ಲಿ ಕಲಿಸಿದ ಸಾಲನ್ನೇ ಬರೆದ: ಹೆಚ್ಚಿನ ತನಿಖೆ ನಡೆಯುತ್ತಿದೆ. ಬರೆದು ನನ್ನ ಮುಖ ನೋಡಿದ. ಯಾರು ಹೇಳಿದರು, ಎಂದೆ. ಅಳಿಸಿದ.

ಒಂಬತ್ತನೆಯ ಇಯತ್ತೆಯ ಹುಡುಗಿಯೊಬ್ಬಳು ಅಂದು ಏನೂ ಬರೆಯಲಿಲ್ಲ. ಮುಂದಿನ ಶನಿವಾರ ಒಂದು ಪುಟ ತಂದಳು. ಅವಳ ಅಜ್ಜ ಆ ಸಂಜೆ ಹಿಂದಿನ ಲೋಕಲಿನ ಸೆಕೆಂಡ್ ಕ್ಲಾಸಿನಲ್ಲಿದ್ದರಂತೆ. ಗಾಡಿ ನಿಂತ ಮೇಲೆ ಕಾಂದಿವಲಿಯಿಂದ ಹಳಿಯ ಪಕ್ಕದಲ್ಲೇ ನಡೆದು ಬಂದರಂತೆ, ಕೈಯಲ್ಲಿ ಚಪ್ಪಲಿ ಹಿಡಿದುಕೊಂಡು. ಮನೆ ಮುಟ್ಟಿದಾಗ ರಾತ್ರಿ ಹತ್ತು. ಹಾಳೆಯ ಕೆಳಗೆ ನನ್ನ ಎರಡನೆಯ ಪ್ರಶ್ನೆಗೆ ಉತ್ತರವಾಗಿ ಅಜ್ಜನ ಹೆಸರು ಬರೆದಿದ್ದಳು. ಅದರ ಕೆಳಗೆ ಇನ್ನೂ ಒಂದು ಸಾಲಿತ್ತು: ಅಜ್ಜಿ ಒಂಬತ್ತೂವರೆ ಅನ್ನುತ್ತಾರೆ.