ವೈದ್ಯ ವಾಙ್ಮಯದ ಸೂಚಿಗಳು: ಹುಡುಕುವುದೂ ತೂಗುವುದೂ

ರೋಗದ ಹೆಸರನ್ನು ಗಣಕಯಂತ್ರದಲ್ಲೋ ಮೊಬೈಲಿನಲ್ಲೋ ಬರೆದೊಡನೆ ಅದಕ್ಕೆ ಸಂಬಂಧಿಸಿದ ಸಾವಿರಾರು ಬರಹಗಳು ಕಣ್ಣೆದುರು ಬಂದು ನಿಲ್ಲುವ ಕಾಲವಿದು. ಅವುಗಳಲ್ಲಿ ನಂಬತಕ್ಕದ್ದು ಯಾವುದು ಎಂಬ ಪ್ರಶ್ನೆ ಮಾತ್ರ ಯಂತ್ರಕ್ಕಿಂತ ಹಳೆಯದು. ವೈದ್ಯ ವಾಙ್ಮಯದ ಸೂಚಿಗಳ ಚರಿತ್ರೆಯನ್ನು ನೋಡಿದರೆ, ಹುಡುಕಿಕೊಡುವ ಕೆಲಸವೂ ತೂಗಿನೋಡುವ ಕೆಲಸವೂ ಬೇರೆ ಬೇರೆಯಾಗಿಯೇ ಬೆಳೆದುಬಂದುವೆಂಬುದು ವಿದಿತವಾಗುತ್ತದೆ.

ಅಮೆರಿಕದ ಅಂತರ್ಯುದ್ಧ ಮುಗಿದ 1865ರಲ್ಲಿ, ವಾಷಿಂಗ್ಟನ್ನಿನ ಸೇನಾ ಸರ್ಜನ್ ಜನರಲ್ ಕಚೇರಿಯ ಪುಸ್ತಕಭಂಡಾರವು ಜಾನ್ ಷಾ ಬಿಲ್ಲಿಂಗ್ಸ್ ಎಂಬ ಸೇನಾವೈದ್ಯನ ವಶಕ್ಕೆ ಬಂದಿತು. ವಿದ್ಯಾರ್ಥಿದೆಸೆಯಲ್ಲಿ ಮೂರ್ಛೆರೋಗದ ಶಸ್ತ್ರಚಿಕಿತ್ಸೆಯನ್ನು ಕುರಿತು ಪ್ರಬಂಧ ಬರೆಯಹೊರಟು, ಬೇಕಾದ ಗ್ರಂಥಗಳು ಒಂದೆಡೆ ದೊರೆಯದೆ ಆತ ಬಹಳ ಬವಣೆಪಟ್ಟಿದ್ದನು. ಆ ಕೊರತೆಯನ್ನು ನೀಗಲು 1879ರಲ್ಲಿ ರಾಬರ್ಟ್ ಫ್ಲೆಚರನೊಡನೆ ‘ಇಂಡೆಕ್ಸ್ ಮೆಡಿಕಸ್’ ಎಂಬ ಮಾಸಿಕ ಸೂಚಿಯನ್ನು ಆರಂಭಿಸಿದನು. ಭಂಡಾರದ ಬೃಹತ್ ಸೂಚಿಯ ಮೊದಲ ಸಂಪುಟ 1880ರಲ್ಲಿ ಹೊರಬಿದ್ದಿತು. ಯಾವ ವಿಷಯವನ್ನು ಯಾರು ಎಲ್ಲಿ ಬರೆದಿದ್ದಾರೆಂಬುದನ್ನು ಇವು ತೋರಿಸುತ್ತಿದ್ದುವು. ಬರೆದುದು ನಿಜವೇ ಎಂಬುದನ್ನಲ್ಲ.

ಆ ಭಂಡಾರವೇ 1956ರಲ್ಲಿ ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯವಾಯಿತು. 1960ರಲ್ಲಿ ಅದು ‘ಮೆಷ್’ ಎಂಬ ಶಬ್ದಾವಳಿಯನ್ನು ಪ್ರಕಟಿಸಿತು. ಜನರು ‘ಹಾರ್ಟ್ ಅಟ್ಯಾಕ್’ ಎಂಬುದನ್ನು ವೈದ್ಯರು ‘ಮಯೋಕಾರ್ಡಿಯಲ್ ಇನ್ಫಾರ್ಕ್ಷನ್’ ಎನ್ನುತ್ತಾರೆ. ಇಂಥ ಪರ್ಯಾಯಗಳನ್ನೆಲ್ಲ ಒಂದೇ ಶೀರ್ಷಿಕೆಯ ಕೆಳಗೆ ತರುವುದು ಇದರ ಉದ್ದೇಶ. 1964ರಲ್ಲಿ ಗಣಕಯಂತ್ರವನ್ನಾಧರಿಸಿದ ‘ಮೆಡ್‌ಲಾರ್ಸ್’ ಕಾರ್ಯಾರಂಭ ಮಾಡಿತು. ಪ್ರಶ್ನೆ ಕಳುಹಿಸಿದವರು ಉತ್ತರಕ್ಕಾಗಿ ವಾರಗಟ್ಟಲೆ ಕಾಯಬೇಕಾಗಿದ್ದಿತು. 1971ರ ‘ಮೆಡ್‌ಲೈನ್’ ದೂರವಾಣಿ ತಂತಿಯ ಮೂಲಕ ಕೂಡಲೇ ಉತ್ತರ ಕೊಟ್ಟಿತಾದರೂ, ಹುಡುಕುವವರು ಬಹುಮಟ್ಟಿಗೆ ತರಬೇತಿ ಪಡೆದ ಗ್ರಂಥಪಾಲಕರೇ ಆಗಿದ್ದರು. 1997ರ ಜೂನಿನಲ್ಲಿ ‘ಪಬ್‌ಮೆಡ್’ ಸರ್ವರಿಗೂ ಉಚಿತವಾಗಿ ತೆರೆದುಕೊಂಡಾಗ ಮಧ್ಯಸ್ಥನ ಅಗತ್ಯ ತಪ್ಪಿತು. ಅವನೊಡನೆ ಅವನ ವಿವೇಚನೆಯೂ ದೂರವಾಯಿತು.

ತೂಗಿನೋಡುವ ಕೆಲಸವನ್ನು ಶಾಸ್ತ್ರವಾಗಿಸಲು ಪ್ರೇರಣೆ ನೀಡಿದವನು ಬ್ರಿಟನ್ನಿನ ವೈದ್ಯ ಆರ್ಚಿ ಕಾಕ್ರನ್. ಯಾವ ಚಿಕಿತ್ಸೆ ನಿಜವಾಗಿ ಫಲಕಾರಿಯೆಂಬುದನ್ನು ನಿಯಂತ್ರಿತ ಪ್ರಯೋಗಗಳಿಂದಲೇ ನಿರ್ಧರಿಸಬೇಕೆಂದು ಆತ 1972ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಪ್ರತಿಪಾದಿಸಿದನು. ಆತನ ಹೆಸರಿನ ಸಹಯೋಗಸಂಸ್ಥೆ 1993ರಲ್ಲಿ ಸ್ಥಾಪಿತವಾಯಿತು. ಒಂದು ಚಿಕಿತ್ಸೆಯ ಮೇಲೆ ನಡೆದ ಪ್ರಯೋಗಗಳನ್ನೆಲ್ಲ ಕಲೆಹಾಕಿ, ದೋಷಗಳನ್ನು ಪರಿಶೀಲಿಸಿ, ಒಟ್ಟು ತೀರ್ಮಾನವನ್ನು ತಿಳಿಸುವುದು ಅದರ ಕ್ರಮ. 2007ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನ ಪರಿಷತ್ತು ವೆಚ್ಚ ವಹಿಸಿ, ಈ ಸಮೀಕ್ಷೆಗಳು ದೇಶದ ಓದುಗರೆಲ್ಲರಿಗೂ ಉಚಿತವಾಗಿ ದೊರೆಯುವಂತೆ ಮಾಡಿತು.

ಈ ಎರಡು ಕೆಲಸಗಳ ಅಂತರಕ್ಕೆ 1998ರ ಪ್ರಸಂಗವೊಂದು ಸಾಕ್ಷಿ. ಆ ವರ್ಷ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ, ಕೇವಲ 12 ಮಕ್ಕಳನ್ನು ಪರೀಕ್ಷಿಸಿ ಬರೆದ ಲೇಖನವೊಂದು ದಡಾರ, ಮಂಗಬಾವು, ರುಬೆಲ್ಲಾಗಳ ಸಂಯುಕ್ತ ಲಸಿಕೆಗೂ ಆಟಿಸಂಗೂ ನಂಟಿರಬಹುದೆಂಬ ಶಂಕೆಯನ್ನು ಬಿತ್ತಿತು. ಭಯಗೊಂಡ ಅನೇಕ ತಾಯಿತಂದೆಯರು ಮಕ್ಕಳಿಗೆ ಲಸಿಕೆ ಹಾಕಿಸಲಿಲ್ಲ. ಬ್ರಿಟನ್ನಿನಲ್ಲಿ ದಡಾರ ಮತ್ತೆ ತಲೆಯೆತ್ತಿತು. ಮುಂದೆ ನಡೆದ ವಿಸ್ತಾರವಾದ ಅಧ್ಯಯನಗಳಲ್ಲಿ ಅಂಥ ನಂಟು ಕಾಣಲಿಲ್ಲ. ಪತ್ರಿಕೆ 2010ರಲ್ಲಿ ಲೇಖನವನ್ನು ಹಿಂತೆಗೆದುಕೊಂಡಿತು. ಆದರೂ ಪಬ್‌ಮೆಡ್ ಅದನ್ನು ಅಳಿಸಿಲ್ಲ. ‘ಹಿಂತೆಗೆದುಕೊಂಡದ್ದು’ ಎಂಬ ಗುರುತಿನೊಡನೆ ಉಳಿಸಿಕೊಂಡಿದೆ. ಸೂಚಿಯ ಧರ್ಮವೇ ಅದು. ಅಲ್ಲಿ ಹೆಸರಿರುವುದು ಯೋಗ್ಯತಾಪತ್ರವಲ್ಲ. ಬರೆದವರಾರು, ಎಷ್ಟು ಮಂದಿಯನ್ನು ಪರೀಕ್ಷಿಸಿದರು, ಅನಂತರದ ಪ್ರಯೋಗಗಳು ಅದನ್ನು ಸಮರ್ಥಿಸಿದುವೇ ಎಂಬ ವಿಚಾರಣೆ, ಬಿಲ್ಲಿಂಗ್ಸನ ಕಾಲದಲ್ಲಿದ್ದಂತೆ ಇಂದಿಗೂ ಓದುವವನ ಹೊಣೆಯಾಗಿಯೇ ಉಳಿದಿದೆ.